ಖಾಕಿ ತೊಟ್ಟ ಮಕ್ಕಳು

2006ರ ಸೆಪ್ಟೆಂಬರ್ 4ರಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಬ್ಯಾಟ್ ರೀಫ್‌ನಲ್ಲಿ ಸ್ಟೀವ್ ಇರ್ವಿನ್ ನೀರಿಗೆ ಇಳಿದದ್ದು ಮಗಳ ಕಾರ್ಯಕ್ರಮಕ್ಕಾಗಿ. ಆತನ ತಂಡ ಅಲ್ಲಿಗೆ ಹೋಗಿದ್ದೇನೋ ಕಡಲಿನ ಮಾರಕ ಜೀವಿಗಳ ಬಗೆಗಿನ ‘ಓಷನ್ಸ್ ಡೆಡ್ಲಿಯೆಸ್ಟ್’ ಸಾಕ್ಷ್ಯಚಿತ್ರ ತೆಗೆಯಲು. ಹವೆ ಕೆಟ್ಟು ಆ ಕೆಲಸ ನಿಂತಿತ್ತು. ಸುಮ್ಮನೆ ಕೂರುವ ಜಾಯಮಾನದವನಲ್ಲ ಸ್ಟೀವ್. ಎಂಟು ವರ್ಷದ ಮಗಳು ಬಿಂಡಿಗಾಗಿ ತಯಾರಾಗುತ್ತಿದ್ದ ಮಕ್ಕಳ ಸರಣಿಗೆ ನಾಲ್ಕು ದೃಶ್ಯವಾದರೂ ಸಿಗಲಿ ಎಂದು ಕ್ಯಾಮೆರಾದವನ ಜೊತೆ ಎದೆಮಟ್ಟದ ನೀರಿಗೆ ಇಳಿದ. ಅಲ್ಲಿ ದೊಡ್ಡದೊಂದು ತೊರಕೆ ಮೀನು ಇತ್ತು. ಅದರ ಬಾಲದ ಮುಳ್ಳು ಎದೆಗೆ ನಾಟಿತು. ಮೊಸಳೆಗಳ ಬೆನ್ನೇರಿ ಜಗತ್ತಿಗೆಲ್ಲ ಪರಿಚಿತನಾದ ಮನುಷ್ಯ, ಸಾಮಾನ್ಯವಾಗಿ ಯಾರ ತಂಟೆಗೂ ಹೋಗದ ಮೀನೊಂದರಿಂದ 44ನೇ ವಯಸ್ಸಿನಲ್ಲಿ ಸತ್ತ.

ಮಗಳ ಕಾರ್ಯಕ್ರಮಕ್ಕಾಗಿ ಇಳಿದಿದ್ದ ಎಂಬ ವಿವರ ಮುಖ್ಯ. ಅಪ್ಪ ತೀರಿಕೊಂಡ ಮೇಲೆ ಮಗಳು ಅವನ ಕೆಲಸವನ್ನು ಕೈಗೆತ್ತಿಕೊಂಡಳು ಎಂದು ಎಲ್ಲರೂ ಬರೆಯುತ್ತಾರೆ. ನಿಜಕ್ಕೂ ಅವಳ ಕಾರ್ಯಕ್ರಮದ ಚಿತ್ರೀಕರಣ ಅಪ್ಪ ಇದ್ದಾಗಲೇ ಶುರುವಾಗಿತ್ತು. ಕುಟುಂಬದ ಮುಂದೆ ಇದ್ದ ಪ್ರಶ್ನೆ, ಅರ್ಧಕ್ಕೆ ನಿಂತದ್ದನ್ನು ಮುಗಿಸುವುದೋ ಬಿಡುವುದೋ ಎಂಬುದಷ್ಟೇ.

ಇನ್ನೊಂದು ಕಾಕತಾಳೀಯವೂ ಇದೆ. ಆ ಸಾಕ್ಷ್ಯಚಿತ್ರದಲ್ಲಿ ಸ್ಟೀವ್‌ಗೆ ಜೊತೆಗಾರನಾಗಿದ್ದವನು ಫಿಲಿಪ್ ಕೂಸ್ತೊ ಜೂನಿಯರ್, ಕಡಲಾಳವನ್ನು ಜಗತ್ತಿನ ಮನೆಮನೆಯ ಟಿ.ವಿ.ಗೆ ತಂದ ಫ್ರಾನ್ಸಿನ ಜಾಕ್ ಕೂಸ್ತೊನ ಮೊಮ್ಮಗ. ಅವನ ತಂದೆ ಫಿಲಿಪ್ ಕೂಡ ಜಾಕ್ ಜೊತೆ ಚಿತ್ರ ತೆಗೆಯುತ್ತಿದ್ದವನೇ. 1979ರ ಜೂನ್‌ನಲ್ಲಿ ಲಿಸ್ಬನ್ ಬಳಿಯ ಟೇಗಸ್ ನದಿಯಲ್ಲಿ ಅವನ ಕಡಲವಿಮಾನ ಅಪಘಾತಕ್ಕೀಡಾಯಿತು. ಮಗ ಹುಟ್ಟಿದ್ದು ಅದಾಗಿ ಸುಮಾರು ಏಳು ತಿಂಗಳಿಗೆ. ತಂದೆಯನ್ನು ಫಿಲ್ಮಿನಲ್ಲಿ ಮಾತ್ರ ನೋಡಿ ಬೆಳೆದ ಮನುಷ್ಯನೊಬ್ಬ ಸ್ಟೀವ್‌ನ ಕೊನೆಯ ಚಿತ್ರದಲ್ಲಿ ಸಹ ನಿರೂಪಕ. ಆಗ ಸ್ಟೀವ್‌ನ ಮಗ ರಾಬರ್ಟ್‌ಗೆ ಇನ್ನೂ ಮೂರು ತುಂಬಿರಲಿಲ್ಲ.

ಸ್ಟೀವ್ ಕೂಡ ಅಪ್ಪನ ದಾರಿ ಹಿಡಿದವನೇ. ತಂದೆ ಬಾಬ್ ವೃತ್ತಿಯಲ್ಲಿ ಪ್ಲಂಬರ್. ಹಾವು, ಹಲ್ಲಿಗಳ ಹುಚ್ಚು. ತಾಯಿ ಲಿನ್ ಹೆರಿಗೆ ನರ್ಸ್. ಮೆಲ್ಬರ್ನ್ ಬಿಟ್ಟು 1970ರಲ್ಲಿ ಕ್ವೀನ್ಸ್‌ಲ್ಯಾಂಡಿಗೆ ಬಂದ ಇವರು ಬ್ರಿಸ್ಬೇನ್‌ನಿಂದ ಸುಮಾರು 80 ಕಿ.ಮೀ. ಉತ್ತರದ ಬೀರ್ವಾದಲ್ಲಿ ನಾಲ್ಕೆಕರೆ ಜಾಗದಲ್ಲಿ ಸರೀಸೃಪಗಳ ಪುಟ್ಟ ಉದ್ಯಾನ ಕಟ್ಟಿದರು. ಆರನೇ ಹುಟ್ಟುಹಬ್ಬಕ್ಕೆ ಹೆಬ್ಬಾವು ಉಡುಗೊರೆ, ಒಂಬತ್ತಕ್ಕೆ ಅಪ್ಪನ ಕಾವಲಿನಲ್ಲಿ ಮೊದಲ ಮೊಸಳೆ. ಸ್ಟೀವ್‌ನ ಬಾಲ್ಯ ಹೀಗೆ ಕಳೆಯಿತು. ಮುಂದೆ ಜನವಸತಿಗೆ ಹತ್ತಿರ ಬಂದ ಮೊಸಳೆಗಳನ್ನು ಹಿಡಿದು ಸ್ಥಳಾಂತರಿಸುವ ಸರ್ಕಾರಿ ಯೋಜನೆಗೆ ಸಂಬಳವಿಲ್ಲದೆ ದುಡಿದ. 1991ರಲ್ಲಿ ಉದ್ಯಾನದ ಹೊಣೆ ಹೊತ್ತ. ಅದೇ ವರ್ಷ ಅಲ್ಲಿಗೆ ಪ್ರವಾಸ ಬಂದಿದ್ದ ಅಮೆರಿಕದ ಟೆರಿ ರೇನ್ಸ್‌ಳನ್ನು ಕಂಡ, ಮರುವರ್ಷ ಮದುವೆಯಾದ. ಮಧುಚಂದ್ರ ನಡೆದದ್ದು ಮೊಸಳೆ ಹಿಡಿಯುವ ಕೆಲಸದ ನಡುವೆ. ಗೆಳೆಯ ಜಾನ್ ಸ್ಟೇಂಟನ್ ಅದನ್ನೇ ಚಿತ್ರೀಕರಿಸಿದ. ‘ದಿ ಕ್ರೊಕೊಡೈಲ್ ಹಂಟರ್’ ಹುಟ್ಟಿದ್ದು ಆ ಚಿತ್ರಿಕೆಗಳಿಂದ.

ಅಲ್ಲಿಯವರೆಗಿನ ವನ್ಯಜೀವಿ ಟಿ.ವಿ. ಎಂದರೆ ದೂರದ ಲೆನ್ಸು, ಮೆಲುದನಿಯ ನಿರೂಪಣೆ, ತಿಂಗಳುಗಟ್ಟಲೆ ಕಾಯುವ ತಾಳ್ಮೆ. ನಿರೂಪಕ ಡೇವಿಡ್ ಅಟೆನ್‌ಬರೊ ಪಿಸುಗುಟ್ಟುತ್ತಿದ್ದ ಕಡೆ ಸ್ಟೀವ್ ಅರಚಿದ. ಆತ ಪ್ರಾಣಿಯ ಪಕ್ಕ ಹೋಗಿ ನಿಂತ. ಪ್ರಾಣಿಯ ವರ್ತನೆಯಷ್ಟೇ ಮನುಷ್ಯನ ಮುಖದ ಬೆರಗು, ಭಯ, ಖುಷಿಯೂ ತೆರೆಯ ಮೇಲೆ ಬಂತು. ಏನೇ ಆದರೂ ಚಿತ್ರೀಕರಣ ನಿಲ್ಲಿಸಬೇಡಿ ಎಂದು ತನ್ನವರಿಗೆ ಆತ ತಾಕೀತು ಮಾಡಿದ್ದನೆಂದು ಜೊತೆಯಲ್ಲಿದ್ದವರು ಹೇಳಿದ್ದಾರೆ. ಚೆಲುವಾದ ಪ್ರಾಣಿಯನ್ನು ಪ್ರೀತಿಸಲು ಯಾರೂ ಹೇಳಿಕೊಡಬೇಕಾಗಿಲ್ಲ. ಜನ ಹೆದರಿ ಕೊಲ್ಲುವ ಪ್ರಾಣಿಯ ಪರ ವಾದಿಸಬೇಕಾದರೆ ಅದರ ಹತ್ತಿರ ಹೋಗಿ ನಿಲ್ಲಲೇಬೇಕು ಎನ್ನುವುದು ಆತನ ತರ್ಕ. ಉಪ್ಪುನೀರಿನ ಮೊಸಳೆಗೆ ಆಗ ಇಂಥ ವಕೀಲನೊಬ್ಬ ಬೇಕಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಎರಡನೇ ಮಹಾಯುದ್ಧದ ನಂತರ ಚರ್ಮಕ್ಕಾಗಿ ಅದನ್ನು ಮನಸೋ ಇಚ್ಛೆ ಬೇಟೆಯಾಡಲಾಗಿತ್ತು. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕಾನೂನಿನ ರಕ್ಷಣೆ ಸಿಕ್ಕಿದ್ದು 1974ರಲ್ಲಿ.

ಸ್ಟೀವ್‌ನ ಈ ಶೈಲಿಯಲ್ಲಿ ಕೆಡುಕೂ ಇತ್ತು. 1990ರ ದಶಕದ ಕೊನೆಗೆ ಅನಿಮಲ್ ಪ್ಲಾನೆಟ್ ನಮ್ಮ ಕೇಬಲ್‌ಗೂ ಬಂತು. ಸ್ಟೀವ್ ಹಾವಿನ ಬಾಲ ಹಿಡಿದು ಮಾತಾಡುವುದನ್ನು ನಮ್ಮ ಹುಡುಗರೂ ಬಾಯಿ ಬಿಟ್ಟು ನೋಡಿದರು. ಇಂದು ನಾಗರಹಾವಿನ ಹೆಡೆಗೆ ಮುತ್ತಿಡುವ ವಿಡಿಯೊ ಮಾಡಿ ಆಸ್ಪತ್ರೆ ಸೇರುವವರ ತಪ್ಪನ್ನೆಲ್ಲ ಆತನ ತಲೆಗೆ ಕಟ್ಟುವುದು ಅನ್ಯಾಯ. ಆದರೂ ಪ್ರಾಣಿಯನ್ನು ಮುಟ್ಟಿದರೆ ಮಾತ್ರ ಅದು ಕಾರ್ಯಕ್ರಮ ಎಂಬ ರುಚಿ ಹತ್ತಿಸಿದವರ ಪೈಕಿ ಆತ ಮೊದಲ ಸಾಲಿನವನು. 2004ರ ಜನವರಿಯಲ್ಲಿ ತಿಂಗಳ ಕೂಸು ರಾಬರ್ಟ್‌ನನ್ನು ಒಂದು ಕೈಯಲ್ಲಿ ಎತ್ತಿಕೊಂಡು ಇನ್ನೊಂದು ಕೈಯಿಂದ ಮೊಸಳೆಗೆ ಮಾಂಸ ತಿನ್ನಿಸಿದಾಗ ಜಗತ್ತೇ ಬೈಯಿತು. ಪೊಲೀಸರು ಮೊಕದ್ದಮೆ ಹೂಡಲಿಲ್ಲ. ಬೈದವರ ಪರವೇ ನಾನು.

ಈಗ ಲೆಕ್ಕಾಚಾರದ ಮಾತು. ಟಿ.ವಿ.ಯಿಂದ ಬಂದ ಹಣ ಬೀರ್ವಾದ ನಾಲ್ಕೆಕರೆಯನ್ನು ನೂರಾರು ಎಕರೆಯ ‘ಆಸ್ಟ್ರೇಲಿಯಾ ಜೂ’ ಮಾಡಿತು. 2002ರಲ್ಲಿ ಸಂರಕ್ಷಣಾ ಪ್ರತಿಷ್ಠಾನ ಶುರುವಾಯಿತು. ಇಂದು ಅದರ ಹೆಸರು ವೈಲ್ಡ್‌ಲೈಫ್ ವಾರಿಯರ್ಸ್. ಸ್ಟೀವ್‌ನ ತಾಯಿ 2000ದಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದರು. ಅವರ ನೆನಪಿಗೆ 2004ರಲ್ಲಿ ವನ್ಯಜೀವಿ ಆಸ್ಪತ್ರೆ ತೆರೆಯಿತು. ರಸ್ತೆಯಲ್ಲಿ ವಾಹನಕ್ಕೆ ಸಿಕ್ಕ ಕೋಆಲ, ನಾಯಿ ಕಚ್ಚಿದ ಪೊಸಮ್, ಕಾಳ್ಗಿಚ್ಚಿನಲ್ಲಿ ಬೆಂದ ಬಾವಲಿ, ಹೀಗೆ ಬರುವ ರೋಗಿಗಳಲ್ಲಿ ಯಾರೂ ಬಿಲ್ ಕಟ್ಟುವುದಿಲ್ಲ. 2019-20ರ ಕಾಳ್ಗಿಚ್ಚಿನ ಹೊತ್ತಿಗೆ ಅಲ್ಲಿ ಚಿಕಿತ್ಸೆ ಪಡೆದ ಪ್ರಾಣಿಗಳ ಒಟ್ಟು ಸಂಖ್ಯೆ 90,000 ದಾಟಿತ್ತು. ಆಸ್ಪತ್ರೆಯ ಖರ್ಚು ನಡೆಯಬೇಕಾದರೆ ಜನ ಕೊಡಬೇಕು, ಕೊಡಬೇಕಾದರೆ ಜೂ ನೆನಪಿರಬೇಕು, ನೆನಪಿರಬೇಕಾದರೆ ತೆರೆಯ ಮೇಲೆ ಒಂದು ಮುಖ ಇರಬೇಕು. ಹತ್ತು ವರ್ಷ ಆ ಮುಖ ಸ್ಟೀವ್‌ನದಾಗಿತ್ತು. ಅಪ್ಪನ ಆಸ್ತಿ ಎಂದರೆ ಮಕ್ಕಳಿಗೆ ಬಂದದ್ದು ಇಷ್ಟು: ನಿಲ್ಲಿಸಲಾಗದ ಒಂದು ಯಂತ್ರ ಮತ್ತು ಅದರ ಮುಂದೆ ಖಾಲಿ ಬಿದ್ದ ಜಾಗ.

ಸರ್ಕಾರಿ ಗೌರವದ ಅಂತ್ಯಸಂಸ್ಕಾರವನ್ನು ಕುಟುಂಬ ಬೇಡವೆಂದಿತು. ಸೆಪ್ಟೆಂಬರ್ 20ರಂದು ಜೂ ಆವರಣದಲ್ಲೇ ಇರುವ ‘ಕ್ರೊಕೊಸಿಯಂ’ ಕ್ರೀಡಾಂಗಣದಲ್ಲಿ ಸುಮಾರು 5,000 ಜನರೆದುರು ಶ್ರದ್ಧಾಂಜಲಿ ಸಭೆ ನಡೆಯಿತು. ಪ್ರಧಾನಿ ಜಾನ್ ಹೊವಾರ್ಡ್ ಮಾತಾಡಿದ. ಆದರೆ ಜನಕ್ಕೆ ನೆನಪಿರುವುದು ಬಿಂಡಿಯ ಮಾತು. ಎಂಟು ವರ್ಷದ ಹುಡುಗಿ ಖಾಕಿ ತೊಟ್ಟು, ಕೈಯಲ್ಲಿ ಹಾಳೆ ಹಿಡಿದು, ತಡವರಿಸದೆ ಓದಿದಳು: ಅಪ್ಪ ತನ್ನ ಹೀರೊ, ಅವನ ಕೆಲಸ ನಿಲ್ಲಬಾರದು. ನೇರ ಪ್ರಸಾರ ನೋಡಿದವರೆಲ್ಲ ಅತ್ತರು. ಆ ಧೈರ್ಯವನ್ನು ಮೆಚ್ಚುತ್ತಲೇ, ಅಳಬೇಕಾದ ಮಗುವಿನ ಕೈಗೆ ಮೈಕು ಕೊಟ್ಟದ್ದು ಸರಿಯೇ ಎಂದು ಕೇಳಿದವರೂ ಇದ್ದರು.

2007ರ ಜೂನ್‌ನಲ್ಲಿ ‘ಬಿಂಡಿ ದ ಜಂಗಲ್ ಗರ್ಲ್’ ಡಿಸ್ಕವರಿ ಕಿಡ್ಸ್‌ನಲ್ಲಿ ಬಂತು. 26 ಕಂತು. ಹಾಡು, ಕುಣಿತ, ಮರದ ಮೇಲಿನ ಮನೆ, ಪ್ರಾಣಿಗಳು. ನಡುನಡುವೆ ಮೊದಲೇ ತೆಗೆದಿಟ್ಟ ದೃಶ್ಯಗಳಲ್ಲಿ ಸ್ಟೀವ್. ಮಕ್ಕಳು ಅದನ್ನು ಸಹಜವಾಗಿಯೇ ನೋಡಿದರು. ದೊಡ್ಡವರಿಗೆ ಕಸಿವಿಸಿ. ಸತ್ತ ಅಪ್ಪ ನಗುತ್ತಾ ಮಗಳ ಜೊತೆ ಮಾತಾಡುತ್ತಿದ್ದಾನೆ. ಮರುವರ್ಷ ಬಿಂಡಿಗೆ ಡೇಟೈಮ್ ಎಮ್ಮಿ ಪ್ರಶಸ್ತಿ ಬಂತು. ಒಂಬತ್ತು ವರ್ಷಕ್ಕೆ ಅದನ್ನು ಪಡೆದವರು ಅವಳಿಗೆ ಮೊದಲು ಯಾರೂ ಇರಲಿಲ್ಲ.

ಮಗುವಿಗೆ ಆಯ್ಕೆ ಇತ್ತೇ ಎಂಬ ಪ್ರಶ್ನೆಗೆ ನೇರ ಉತ್ತರವಿಲ್ಲ. ಅವಳ ಹೆಸರೇ ಅಪ್ಪನ ನೆಚ್ಚಿನ ಹೆಣ್ಣು ಮೊಸಳೆಯದು. ಕೈಗೂಸಾಗಿದ್ದಾಗಲೇ ಚಿತ್ರೀಕರಣದ ಪ್ರವಾಸಗಳಲ್ಲಿ ಬೆಳೆದವಳು. ನಮ್ಮ ವೃತ್ತಿ ನಾಟಕ ಕಂಪನಿಗಳಲ್ಲಿ ತೊಟ್ಟಿಲಿನ ಮಗು ಕೃಷ್ಣನ ಪಾತ್ರಕ್ಕೆ ರಂಗಕ್ಕೆ ಬಂದು, ಮಾತು ಕಲಿತ ಮೇಲೆ ಲೋಹಿತಾಶ್ವನಾಗುತ್ತಿದ್ದಂತೆ. ಅಂಥ ಮಕ್ಕಳನ್ನು ಬಣ್ಣ ಹಚ್ಚುತ್ತೀಯಾ ಎಂದು ಯಾರೂ ಕೇಳುತ್ತಿರಲಿಲ್ಲ. ಬಿಂಡಿ ಬೆಳೆದ ಮೇಲೂ ಅಲ್ಲೇ ಉಳಿದಳು, ಜೂ ಬಿಟ್ಟು ಹೋಗಲಿಲ್ಲ ಎಂಬುದಷ್ಟೇ ನಮಗೆ ಕಾಣುವ ಸಂಗತಿ.

ರಾಬರ್ಟ್‌ನದು ಬೇರೆಯೇ ಕಥೆ, ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದೂ ಅದೇ. ಅಕ್ಕನಿಗೆ ಅಪ್ಪನ ಜೊತೆ ಕಳೆದ ಎಂಟು ವರ್ಷಗಳಿದ್ದವು. ಇವನಿಗೆ ಅಪ್ಪ ಬಹುಪಾಲು ವಿಡಿಯೊದಲ್ಲಿ ಸಿಕ್ಕವನು. ಬೇರೆ ಮಕ್ಕಳಿಗೆ ಸತ್ತ ತಂದೆಯ ನಾಲ್ಕಾರು ಫೋಟೊ ಇರುತ್ತವೆ. ಇವನಿಗೆ ಗಂಟೆಗಟ್ಟಲೆ ಚಿತ್ರಿಕೆ ಇದೆ. ಅಪ್ಪ ಹೇಗೆ ನಡೆಯುತ್ತಿದ್ದ, ಮೊಸಳೆಯ ಬಾಯಿ ಎದುರು ಕಾಲು ಎಲ್ಲಿಡುತ್ತಿದ್ದ, ಯಾವಾಗ ಹಿಂದೆ ಜಿಗಿಯುತ್ತಿದ್ದ ಎಂಬುದೆಲ್ಲ ದಾಖಲಾಗಿದೆ. ಆದರೆ ಅದು ಕ್ಯಾಮೆರಾದ ಮುಂದಿನ ಅಪ್ಪ, ಪ್ರದರ್ಶನಕ್ಕೆ ನಿಂತ ಅಪ್ಪ. ಅಂಥವನನ್ನು ನೋಡಿ ಕಲಿತವನು ಪ್ರದರ್ಶನಕಾರನೇ ಆಗುವುದರಲ್ಲಿ ಅಚ್ಚರಿಯಿಲ್ಲ. ಹದಿಹರೆಯದಲ್ಲೇ ಅಮೆರಿಕದ ‘ಟುನೈಟ್ ಶೋ’ದಲ್ಲಿ ಪ್ರಾಣಿಗಳನ್ನು ಹಿಡಿದು ಜಿಮ್ಮಿ ಫಾಲನ್ ಎದುರು ನಿಂತ. ಜೇ ಲೆನೊ ಕಾಲದಲ್ಲಿ ಅದೇ ಕಾರ್ಯಕ್ರಮದಲ್ಲಿ ಸ್ಟೀವ್ ನಿಂತಿದ್ದ. 2019ರಲ್ಲಿ ರಾಬರ್ಟ್ ಎರಡು ಫೋಟೊಗಳನ್ನು ಪಕ್ಕಪಕ್ಕ ಇಟ್ಟು ಹಂಚಿಕೊಂಡ. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ತಾನು. ಹದಿನೈದು ವರ್ಷಗಳ ಅಂತರ. ಅದೇ ಜಾಗ, ಮರ್ರೆ ಎಂಬ ಅದೇ ಮೊಸಳೆ, ಅದೇ ಭಂಗಿ. ಲಕ್ಷಾಂತರ ಜನ ಮೆಚ್ಚಿದರು. ಒಳ್ಳೆಯ ಫೋಟೊ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ರಾಬರ್ಟ್‌ನದೇ ಎನ್ನಬಹುದಾದ ಕೆಲಸ ಅವನು ತೆಗೆಯುವ ವನ್ಯಜೀವಿ ಛಾಯಾಚಿತ್ರಗಳಲ್ಲಿದೆ ಎಂದು ನನ್ನ ಅನಿಸಿಕೆ. ಅಲ್ಲಿ ಅವನು ಕ್ಯಾಮೆರಾದ ಹಿಂದೆ ಇರುತ್ತಾನೆ, ಚೌಕಟ್ಟಿನಲ್ಲಿ ಪ್ರಾಣಿಯೊಂದೇ.

2018ರ ಅಕ್ಟೋಬರ್‌ನಲ್ಲಿ ಟೆರಿ, ಬಿಂಡಿ, ರಾಬರ್ಟ್ ಮೂವರೂ ಅನಿಮಲ್ ಪ್ಲಾನೆಟ್‌ಗೆ ಮರಳಿದರು. ‘ಕ್ರೈಕಿ! ಇಟ್ಸ್ ದ ಇರ್ವಿನ್ಸ್’ ನಾಲ್ಕು ಸೀಸನ್ ನಡೆಯಿತು. ಅಪ್ಪನ ಕಾರ್ಯಕ್ರಮದ ಪಕ್ಕ ಇದನ್ನಿಟ್ಟು ನೋಡಿದರೆ ಏನು ಉಳಿಯಿತು, ಏನು ಹೋಯಿತು ಎಂದು ತಿಳಿಯುತ್ತದೆ. ಖಾಕಿ ಉಳಿಯಿತು. ‘ಕ್ರೈಕಿ’ ಎಂಬ ಉದ್ಗಾರ ಉಳಿಯಿತು. ಜೂ ಆವರಣದಲ್ಲಿ ಮೊಸಳೆಗೆ ಆಹಾರ ಕೊಡುವ ಪ್ರದರ್ಶನವೂ ನಡೆಯುತ್ತಿದೆ, ಅದಕ್ಕೆ ರಾಬರ್ಟ್ ಇದ್ದಾನೆ. ಹೋದದ್ದು ಒಬ್ಬಂಟಿ ಗಂಡಸು ಅಪಾಯದ ಬೆನ್ನು ಹತ್ತುವ ಕಥನ. ಇಲ್ಲಿ ಜಿರಾಫೆಗೆ ಹೆರಿಗೆಯಾಗುತ್ತದೆ, ಪಶುವೈದ್ಯರು ಆಮೆಗೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ, ಮೊಸಳೆಯನ್ನು ಹೊಸ ಕೊಳಕ್ಕೆ ಸಾಗಿಸುವಾಗ ಹತ್ತಾರು ಜನ ಒಟ್ಟಾಗಿ ಬೀಳುತ್ತಾರೆ. ರೋಮಾಂಚನ ಕಡಿಮೆ. ಹಳೆಯ ಅಭಿಮಾನಿಗಳಿಗೆ ಸಪ್ಪೆ ಅನಿಸಿದರೆ ತಪ್ಪೇನಿಲ್ಲ. ಅಪ್ಪನನ್ನು ಅಪ್ಪನನ್ನಾಗಿ ಮಾಡಿದ ಅಂಶವನ್ನೇ ಬಿಟ್ಟು ಅಪ್ಪನ ಕೆಲಸ ಮುಂದುವರಿಸುತ್ತಿದ್ದಾರೆ, ಅದೂ ಯಾರಿಗೂ ಹಾಗೆಂದು ಹೇಳದೆ. ನನ್ನ ಮಟ್ಟಿಗೆ ಇದು ಜಾಣತನದ ಕೆಲಸ.

ಟಿ.ವಿ.ಯಲ್ಲಿ ಅಷ್ಟಾಗಿ ಕಾಣದ ಇನ್ನೊಂದು ಉತ್ತರಾಧಿಕಾರವಿದೆ. ಸ್ಟೀವ್ ಸತ್ತ ಮರುವರ್ಷ ‘ಪ್ಲೋಸ್ ಒನ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಲೇಖನದ ಸಹಲೇಖಕರಲ್ಲಿ ಆತನ ಹೆಸರಿತ್ತು. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳ ಜೊತೆ ಸೇರಿ ಮಾಡಿದ ಅಧ್ಯಯನ. ಮೂರು ದೊಡ್ಡ ಗಂಡು ಮೊಸಳೆಗಳ ಕುತ್ತಿಗೆಗೆ ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿ, ಹೆಲಿಕಾಪ್ಟರ್‌ನಲ್ಲಿ ಹೊತ್ತೊಯ್ದು ದೂರ ಬಿಟ್ಟರು. ಮೂರೂ ತಮ್ಮ ಜಾಗಕ್ಕೆ ವಾಪಸ್ ಬಂದವು. ಕೇಪ್ ಯಾರ್ಕ್ ಪರ್ಯಾಯ ದ್ವೀಪದ ಪಶ್ಚಿಮ ಕರಾವಳಿಯಿಂದ ಪೂರ್ವಕ್ಕೆ ಸಾಗಿಸಿದ್ದ ಒಂದು ಮೊಸಳೆ ಕೆಲಕಾಲ ಅಲ್ಲೇ ಇದ್ದು, ಆಮೇಲೆ ಹೊರಟು, ಭೂಶಿರವನ್ನು ಬಳಸಿಕೊಂಡು 400 ಕಿ.ಮೀ.ಗೂ ಹೆಚ್ಚು ದೂರವನ್ನು 20 ದಿನಗಳಲ್ಲಿ ಈಜಿ ಮನೆ ಸೇರಿತು. ಊರಿಗೆ ಬಂದ ಮೊಸಳೆಯನ್ನು ಹಿಡಿದು ದೂರ ಬಿಟ್ಟರೆ ಸಮಸ್ಯೆ ಮುಗಿಯಿತು ಎಂಬ ನಂಬಿಕೆಯ ಬುಡವೇ ಅಲ್ಲಾಡಿತು. ಸ್ಟೀವ್‌ನ ಯೌವನವೆಲ್ಲ ಕಳೆದದ್ದು ಆ ನಂಬಿಕೆಯ ಮೇಲೇ ಎಂಬುದು ಇದರ ಸ್ವಾರಸ್ಯ. ನಮ್ಮಲ್ಲಿ ಬೋನಿಗೆ ಬಿದ್ದ ಚಿರತೆಯನ್ನು ದೂರದ ಕಾಡಿಗೆ ಸಾಗಿಸುವವರಿಗೆ ಈ ಕಥೆ ಹೊಸದೆನಿಸಲಾರದು.

2007ರಲ್ಲಿ ಕೇಪ್ ಯಾರ್ಕ್‌ನ ವೆನ್ಲಾಕ್ ನದಿಯ ಆಸುಪಾಸಿನ ಸುಮಾರು 1,35,000 ಹೆಕ್ಟೇರ್ ಜಾಗ ಸ್ಟೀವ್ ಇರ್ವಿನ್ ವನ್ಯಜೀವಿ ಮೀಸಲು ಪ್ರದೇಶವಾಯಿತು. ಖರೀದಿಗೆ ಕೇಂದ್ರ ಸರ್ಕಾರ ಹಣ ಕೊಟ್ಟಿತ್ತು. ಅಷ್ಟರಲ್ಲಿ ಬಾಕ್ಸೈಟ್ ಗಣಿ ಕಂಪನಿಯೊಂದರ ಕಣ್ಣು ಅದರ ಮೇಲೆ ಬಿತ್ತು. ಟೆರಿ ವರ್ಷಗಟ್ಟಲೆ ಹೋರಾಡಿದಳು, ಮಕ್ಕಳೂ ದನಿಗೂಡಿಸಿದರು. 2013ರಲ್ಲಿ ರಾಜ್ಯ ಸರ್ಕಾರ ಆ ಜಾಗಕ್ಕೆ ರಕ್ಷಣೆ ಘೋಷಿಸಿತು. ಇಂದಿಗೂ ಅಲ್ಲಿ ಮೊಸಳೆ ಅಧ್ಯಯನ ನಡೆಯುತ್ತದೆ. ಹಂದಿ ಮಾಂಸದ ಆಸೆಗೆ ಬಲೆಯ ಬೋನಿಗೆ ಬಂದ ಮೊಸಳೆಯ ಮೇಲ್ದವಡೆಗೆ ಹಗ್ಗ ಬಿಗಿದು, ಕಣ್ಣು ಮುಚ್ಚಿ, ತಂಡದವರೆಲ್ಲ ಮೈಮೇಲೆ ಬಿದ್ದು ಹಿಡಿಯುತ್ತಾರೆ. ಮೊಸಳೆಯ ದವಡೆ ಮುಚ್ಚುವ ಸ್ನಾಯುವಿಗೆ ಇರುವ ಬಲ ತೆರೆಯುವ ಸ್ನಾಯುವಿಗೆ ಇಲ್ಲವಾದ್ದರಿಂದ ಒಮ್ಮೆ ಬಾಯಿ ಕಟ್ಟಿದರೆ ಅರ್ಧ ಕೆಲಸ ಮುಗಿದಂತೆ. ಟ್ರಾನ್ಸ್‌ಮಿಟರ್ ಅಳವಡಿಸಿ ಬಿಡುತ್ತಾರೆ. ಮೊದಲು ಬೀಳುವವರಲ್ಲಿ ಬಿಂಡಿ, ರಾಬರ್ಟ್ ಇರುತ್ತಾರೆ. ವಿಧಾನ ಸ್ಟೀವ್ ಕಲಿಸಿದ್ದೇ. ಉದ್ದೇಶ ಮಾತ್ರ ಬದಲಾಗಿದೆ, ಈಗ ಮೊಸಳೆಯನ್ನು ಹಿಡಿಯುವುದು ಅದನ್ನು ಅಲ್ಲೇ ಬಿಡುವುದಕ್ಕೆ.

ಹೆಸರಾಂತ ಮನೆಗಳಲ್ಲಿ ಎಲ್ಲವೂ ಸುಸೂತ್ರ ಎಂದು ಭಾವಿಸಬೇಕಾಗಿಲ್ಲ. ಈ ಎಲ್ಲದರ ಬೀಜ ಬಿತ್ತಿದ ಅಜ್ಜ ಬಾಬ್ 2008ರಲ್ಲಿ ಆಸ್ಟ್ರೇಲಿಯಾ ಜೂ ಬಿಟ್ಟು ಹೊರನಡೆದು ತನ್ನದೇ ದಾರಿಯಲ್ಲಿ ಸಂರಕ್ಷಣೆಗೆ ತೊಡಗಿದ. ಕೂಸ್ತೊ ಮನೆಯಲ್ಲಂತೂ ವ್ಯಾಜ್ಯ ಕೋರ್ಟು ಮುಟ್ಟಿತು. ತಮ್ಮ ಸತ್ತ ಮೇಲೆ ಅಪ್ಪನ ನೆರವಿಗೆ ಬಂದಿದ್ದ ಹಿರಿಯ ಮಗ ಜಾನ್ ಮಿಶೆಲ್ 1990ರ ದಶಕದಲ್ಲಿ ಫಿಜಿಯ ರೆಸಾರ್ಟೊಂದಕ್ಕೆ ಮನೆತನದ ಹೆಸರು ಬಳಸಿದಾಗ ಜಾಕ್ ಕೂಸ್ತೊ ಸ್ವಂತ ಮಗನ ಮೇಲೆಯೇ ದಾವೆ ಹೂಡಿದ. ಅದೇ ಜಾನ್ ಮಿಶೆಲ್ ಹವಾಯಿ ದ್ವೀಪಸ್ತೋಮದ ಬಗ್ಗೆ ತೆಗೆದ ‘ವಾಯೇಜ್ ಟು ಕುರೆ’ಯನ್ನು 2006ರಲ್ಲಿ ಶ್ವೇತಭವನದಲ್ಲಿ ನೋಡಿದ ಅಧ್ಯಕ್ಷ ಬುಷ್, ಕೆಲವೇ ವಾರಗಳಲ್ಲಿ ಆ ಕಡಲನ್ನು ರಾಷ್ಟ್ರೀಯ ಸಂರಕ್ಷಿತ ತಾಣವೆಂದು ಘೋಷಿಸಿದ. ಅಪ್ಪ ದಾವೆ ಹೂಡಿದ್ದ ಮಗನಿಂದಲೇ ಅಪ್ಪನ ಹೆಸರಿಗೆ ತಕ್ಕ ಕೆಲಸ ಆಯಿತು.

ಕನ್ನಡಿಗರಿಗೆ ಇಲ್ಲಿ ಪುನೀತ್ ರಾಜ್‌ಕುಮಾರ್ ನೆನಪಾಗದೆ ಇರರು. ಅವರ ತಂದೆ ರಾಜ್‌ಕುಮಾರ್ ಅವರು ತೀರಿಕೊಂಡದ್ದೂ 2006ರಲ್ಲೇ. ಅರಣ್ಯಾಧಿಕಾರಿಯಾಗಿ ಅವರು ನಟಿಸಿದ 1973ರ ‘ಗಂಧದ ಗುಡಿ’ಯ ಹೆಸರನ್ನೇ ಪುನೀತ್ ಅವರು ಕರ್ನಾಟಕದ ಕಾಡು ಸುತ್ತಿ ನಿರ್ದೇಶಕ ಅಮೋಘವರ್ಷ ಅವರೊಂದಿಗೆ ಮಾಡಿದ ಸಾಕ್ಷ್ಯಚಿತ್ರಕ್ಕೆ ಇಟ್ಟರು. ಬಿಂಡಿಯಂತೆಯೇ ಕೂಸಾಗಿದ್ದಾಗಲೇ ಕ್ಯಾಮೆರಾ ಕಂಡವರು ಅವರು. ಆ ಚಿತ್ರದಲ್ಲಿ ಹಾವು ಕಂಡರೆ ಹೆದರುತ್ತಾರೆ, ಹೆದರಿದ್ದನ್ನು ಮುಚ್ಚಿಡುವುದಿಲ್ಲ. ನಾಯಕನ ಪೋಷಾಕು ಕಳಚಿದ ಆ ಸಹಜತೆ ನನಗೆ ಇಡೀ ಚಿತ್ರದಲ್ಲಿ ಹೆಚ್ಚು ಇಷ್ಟವಾದದ್ದು. 2022ರ ಅಕ್ಟೋಬರ್‌ನಲ್ಲಿ ಅದು ತೆರೆಗೆ ಬಂದಾಗ ಅವರು ಇಲ್ಲವಾಗಿ ವರ್ಷವಾಗಿತ್ತು.

ಇರ್ವಿನ್ ಕುಟುಂಬದ ಎದುರು ಇಂದು ಇರುವ ತೊಡಕು ತಂದೆಯ ನೆರಳಿಗಿಂತ ಟಿ.ವಿ.ಯದ್ದೇ. ಸ್ಟೀವ್‌ನ ಕಾಲಕ್ಕೆ ವನ್ಯಜೀವಿಗೆಂದೇ ಮೀಸಲಾದ ವಾಹಿನಿ ಹೊಸದು, ಹಸಿದಿತ್ತು. ಈಗ ಪ್ರಾಣಿಗಳ ವಾಹಿನಿಗೇ ಮನುಷ್ಯರ ಕಥೆ ಬೇಕು. 2020ರ ಮಾರ್ಚ್ 25ರಂದು, ಕೋವಿಡ್ ನಿರ್ಬಂಧದ ನಡುವೆ, ಅತಿಥಿಗಳಿಲ್ಲದೆ ಜೂ ಆವರಣದಲ್ಲೇ ನಡೆದ ಬಿಂಡಿಯ ಮದುವೆ ಅನಿಮಲ್ ಪ್ಲಾನೆಟ್‌ನ ವಿಶೇಷ ಕಾರ್ಯಕ್ರಮವಾಯಿತು. ಸರಿಯಾಗಿ ವರ್ಷಕ್ಕೆ, ಅದೇ ತಾರೀಖಿಗೆ ಹುಟ್ಟಿದ ಮಗಳು ಗ್ರೇಸ್‌ಳ ಆಗಮನವೂ ಇನ್ನೊಂದು ವಿಶೇಷ ಕಾರ್ಯಕ್ರಮ. ಬಿಂಡಿ 2015ರಲ್ಲಿ ಅಮೆರಿಕದ ‘ಡ್ಯಾನ್ಸಿಂಗ್ ವಿತ್ ದ ಸ್ಟಾರ್ಸ್’ ಗೆದ್ದಿದ್ದಳು. 2025ರ ನವೆಂಬರ್‌ನಲ್ಲಿ, 22ನೇ ಹುಟ್ಟುಹಬ್ಬಕ್ಕೆ ಕೆಲವೇ ದಿನ ಇರುವಾಗ, ರಾಬರ್ಟ್ ಕೂಡ ಅದೇ ಸ್ಪರ್ಧೆ ಗೆದ್ದ. ಆಸ್ಟ್ರೇಲಿಯಾದಲ್ಲಿ ರಿಯಾಲಿಟಿ ಶೋ ಒಂದರ ಸಹ ನಿರೂಪಕನೂ ಅವನೇ. ವನ್ಯಜೀವಿ ಮನೆತನದ ಮಕ್ಕಳಿಗೆ ಈಗ ದೊಡ್ಡ ವೇದಿಕೆ ಸಿಗುವುದು ಪ್ರಾಣಿಗಳೇ ಇಲ್ಲದ ಜಾಗದಲ್ಲಿ. ಇದನ್ನು ಕಂಡು ಮೂಗು ಮುರಿಯುವುದು ಸುಲಭ. ಆದರೆ ಅಲ್ಲಿ ಗಳಿಸಿದ ಜನಪ್ರಿಯತೆಯನ್ನು ಅವರು ಜೂಗೆ, ಆಸ್ಪತ್ರೆಗೆ ತಿರುಗಿಸುತ್ತಾರೆ. ಅಪ್ಪ ಹಾವು ಹಿಡಿದು ಗಳಿಸಿದ್ದನ್ನು ಮಕ್ಕಳು ಕುಣಿದು ಗಳಿಸುತ್ತಿದ್ದಾರೆ. ಹಾವಿನ ದೃಷ್ಟಿಯಿಂದ ನೋಡಿದರೆ ಎರಡನೆಯದೇ ವಾಸಿ.

ಗ್ರೇಸ್‌ಗೂ ಪುಟ್ಟ ಖಾಕಿ ಅಂಗಿ ಹೊಲಿಸಿದ್ದಾರೆ. ಅವಳು ಮಾತು ಕಲಿಯುವ ಮೊದಲೇ ತೆರೆಯ ಮೇಲೆ ಬಂದದ್ದು ಅವಳನ್ನು ಕೇಳಿ ಅಲ್ಲ. ಎರಡು ದಶಕದ ಹಿಂದೆ ಸ್ಟೀವ್ ಮಗಳ ಪರವಾಗಿ ಮಾಡಿದ್ದ ತೀರ್ಮಾನವನ್ನು ಈಗ ಬಿಂಡಿ ತನ್ನ ಮಗಳ ಪರವಾಗಿ ಮಾಡುತ್ತಿದ್ದಾಳೆ. ಅದರ ಬೆಲೆ ಏನೆಂದು ಬಲ್ಲವರು ಅವಳಷ್ಟು ಇನ್ನಾರೂ ಇಲ್ಲವಾದ್ದರಿಂದ, ಗ್ರೇಸ್ ಹತ್ತು ಹನ್ನೆರಡರ ಹುಡುಗಿಯಾದಾಗ ಅವಳನ್ನು ಎಷ್ಟು ತೋರಿಸುತ್ತಾರೆ, ಎಷ್ಟು ಬಚ್ಚಿಡುತ್ತಾರೆ ಎಂದು ನೋಡುವ ಆಸೆ ನನಗಿದೆ.